ಗಣಿಯೂರಿನಿಂದ ಕ್ಯಾಂಪಸ್‌ಗೆ, ಪ್ಯಾಸೆಂಜರ್ ಗಾಡಿಯಲ್ಲಿ

ಡಿಗ್ರಿ ಮುಗಿಯುವ ತನಕ ಹೆಣ್ಣುಮಕ್ಕಳಿಗೆ ರೈಲಿನ ಸೆಕೆಂಡ್ ಕ್ಲಾಸ್ ಮಂತ್ಲಿ ಪಾಸು ಉಚಿತ. ಗಂಡುಮಕ್ಕಳಿಗೆ ಈ ಸವಲತ್ತು ಪಿಯುಸಿಗೇ ಮುಗಿಯುತ್ತದೆ, ಆಮೇಲೆ ಅರ್ಧ ದರ. ಮನೆಯಿಂದ ಕಾಲೇಜಿಗೆ ಓಡಾಡುವುದಕ್ಕೆ ಮಾತ್ರ ಪಾಸು, ಅದಕ್ಕೆ ಕಾಲೇಜಿನ ಸರ್ಟಿಫಿಕೇಟ್ ಬೇಕು. ದೇಶಕ್ಕೆಲ್ಲ ಒಂದೇ ಆದ ಈ ನಿಯಮವನ್ನು ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಮನೆಗಳಲ್ಲಿ ಬಾಯಿಪಾಠ ಹೇಳುತ್ತಾರೆ. ಮಗಳಿಗೆ ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂದರೆ ಅಪ್ಪ ಅಮ್ಮ ಮೊದಲು ಲೆಕ್ಕ ಹಾಕುವುದು ಫೀಸು, ಎರಡನೆಯದು ಗಾಡಿ.

ಗಾಡಿ ಹೊರಡುವುದು ಮಾರಿಕುಪ್ಪಂನಿಂದ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮಲ್ ನಗರ, ಆಮೇಲೆ ಬಂಗಾರಪೇಟೆ: ಸುಮಾರು ಹದಿನಾರು ಕಿಲೋಮೀಟರಿನಲ್ಲಿ ಇಷ್ಟು ನಿಲ್ದಾಣ. ಅಲ್ಲಿಂದ ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಕೆ.ಆರ್.ಪುರ ದಾಟಿ ಕಂಟೋನ್ಮೆಂಟಿಗೆ ಇನ್ನೊಂದು ಎಪ್ಪತ್ತರ ಹತ್ತಿರ. ಸಿಗ್ನಲ್ ಕೊಟ್ಟರೆ ಎರಡು ಗಂಟೆ, ಎಕ್ಸ್‌ಪ್ರೆಸ್‌ಗೆ ದಾರಿ ಬಿಟ್ಟು ನಿಂತರೆ ಎರಡೂವರೆ. ಮದ್ರಾಸಿನ ಕಡೆಯ ಹಳಿ ಬೆಂಗಳೂರು ಮುಟ್ಟಿದ್ದು 1864ರಲ್ಲಿ. ಬಂಗಾರಪೇಟೆಗೆ ಆಗಿನ ಹೆಸರು ಬೌರಿಂಗ್‌ಪೇಟೆ. ಅಲ್ಲಿಂದ ಮಾರಿಕುಪ್ಪಂಗೆ ಕವಲು ಹಾಕಿದ್ದು 1894ರಲ್ಲಿ, ಗಣಿಗಾಗಿ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಗೆ ಯಂತ್ರ, ಕಲ್ಲಿದ್ದಲು, ಕೂಲಿಯಾಳು ಬೇಕಿತ್ತು. ಇಲ್ಲಿನ ಮಕ್ಕಳು ಕಾಲೇಜಿಗೆ ಹೋಗಲಿ ಎಂದು ಯಾರೂ ಹಳಿ ಹಾಕಲಿಲ್ಲ. 2001ರ ಫೆಬ್ರುವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಬಾಗಿಲು ಹಾಕಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಈಗ ಅದರಲ್ಲಿ ಬೆಳಕು ಹರಿಯುವ ಮೊದಲೇ ಹತ್ತುವವರು ಸೆಕ್ಯುರಿಟಿ ಕೆಲಸದವರು, ಗಾರ್ಮೆಂಟ್ಸ್‌ನವರು, ಆಸ್ಪತ್ರೆ ನರ್ಸುಗಳು, ಸಾಫ್ಟ್‌ವೇರ್‌ನವರು. ಅವರ ನಡುವೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ವಿದ್ಯಾರ್ಥಿಗಳು.

ಐಡಿ ಕಾರ್ಡಿನ ದಾರದ ಬಣ್ಣ ನೋಡಿ ಯಾವ ಕಾಲೇಜು ಎಂದು ಹೇಳಬಲ್ಲವರು ಈ ಬೋಗಿಗಳಲ್ಲಿದ್ದಾರೆ. 1882ರ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1969ರ ಕ್ರೈಸ್ಟ್ ಕಾಲೇಜಿಗೆ 2008ರಲ್ಲಿ ಡೀಮ್ಡ್ ಪಟ್ಟ ಬಂತು. ಪಿಇಎಸ್ ಇದೆ, ಇನ್ನೂ ಹಲವಿವೆ. ಅರ್ಜಿ, ಪ್ರವೇಶ ಪರೀಕ್ಷೆ, ಸಂದರ್ಶನ ಎಂದು ಸೋಸಿ ಸೋಸಿ ತೆಗೆದುಕೊಳ್ಳುವ ಕಡೆ ಕೆಜಿಎಫ್‌ನ ಮಕ್ಕಳು ಸೀಟು ಗಿಟ್ಟಿಸುವುದು ಹೊಸದೇನಲ್ಲ. ಕಾನ್ವೆಂಟುಗಳ ಊರು ಅದು, ಇಂಗ್ಲಿಷಿಗೆ ಅಲ್ಲಿ ಯಾರೂ ಹೆದರುವುದಿಲ್ಲ. ಸೋಸುವಿಕೆ ಅಡ್ಮಿಷನ್‌ಗೇ ಮುಗಿಯುವುದಿಲ್ಲ ಎಂಬುದು ಮಾತ್ರ ಮೊದಲ ಸೆಮಿಸ್ಟರ್‌ನಲ್ಲಿ ಗೊತ್ತಾಗುತ್ತದೆ.

ನಾನು ಈ ಗಾಡಿಯಲ್ಲಿ ಹೋಗಿದ್ದು ಊರಿಗಾಂನ ಒಬ್ಬ ಹುಡುಗಿಗಾಗಿ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಫಿಸಿಕ್ಸ್. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ತೆಲುಗು ಎರಡೂ, ಕ್ಲಾಸಿನಲ್ಲಿ ಇಂಗ್ಲಿಷ್. ಮನೆ ಇರುವುದು ಹಳೇ ಗಣಿ ಲೈನಿನಲ್ಲಿ, ಬಿಜಿಎಂಎಲ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ಗಣಿ ಮುಚ್ಚಿದಾಗ ಮನೆಗೆ ಬಂದ ತಾತನ ಜೊತೆ. ಅವಳ ಬಗ್ಗೆ ಯಾರೋ ಹೇಳಿದ್ದು ಒಂದು ಕತೆ. ಕಣಭೌತಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು ನ್ಯೂಟ್ರಿನೊ ಪಾಠ ಮಾಡುತ್ತಾ ಕೋಲಾರ ಚಿನ್ನದ ಗಣಿಯ ಹೆಸರು ಹೇಳಿದರಂತೆ. ಇವಳು ಕೈ ಎತ್ತಿ, ಅದು ನಮ್ಮೂರು ಸರ್, ಅಂದಳಂತೆ. ಕ್ಲಾಸು ನಕ್ಕಿತು. ಕೆಜಿಎಫ್ ಅಂದರೆ ಈಗ ಸಿನಿಮಾ ತಾನೇ.

ಸಂಗತಿ ನಿಜ. ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ವಿಶ್ವಕಿರಣಗಳ ಅಧ್ಯಯನಕ್ಕೆ ಐವತ್ತರ ದಶಕದಲ್ಲೇ ಇಲ್ಲಿನ ಗಣಿಗೆ ಇಳಿದಿದ್ದರು. ಬಿ.ವಿ. ಶ್ರೀಕಂಠನ್, ಎಂ.ಜಿ.ಕೆ. ಮೆನನ್ ಅವರಂಥವರ ಹೆಸರು ಈ ಕೆಲಸಕ್ಕೆ ಅಂಟಿಕೊಂಡಿದೆ. ಆಳಕ್ಕೆ ಹೋದಷ್ಟೂ ಮೇಲಿನ ಬಂಡೆ ಬೇಡದ ಕಣಗಳನ್ನೆಲ್ಲ ತಡೆಯುತ್ತದೆ. ಅಷ್ಟು ಬಂಡೆಯನ್ನೂ ತೂರಿಕೊಂಡು ಬರುವ ನ್ಯೂಟ್ರಿನೊದ ಗುರುತು ಆಗ ಕಾಣಿಸುತ್ತದೆ. ಸುಮಾರು 2.3 ಕಿ.ಮೀ. ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರ ಜೊತೆ ಸೇರಿ ನಡೆಸಿದ ಪ್ರಯೋಗದಲ್ಲಿ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಸುಳಿವು ಸಿಕ್ಕಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತ್ತು. ಜಗತ್ತಿನಲ್ಲಿ ಇವೆರಡೇ ಮೊದಲು.

ಕ್ಲಾಸು ನಕ್ಕ ದಿನ ಹುಡುಗಿ ಮನೆಗೆ ಬಂದು ತಾತನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಬಾಂಬೆ ಸಾಹೇಬರು ತಾನೇ?’ ಅಂದರು. ಎಂಬತ್ತರ ದಶಕದಲ್ಲಿ ಪ್ರೋಟಾನ್ ಕ್ಷಯ ಹುಡುಕುವ ಪ್ರಯೋಗ ನಡೆದಾಗ ಕಬ್ಬಿಣದ ಉದ್ದುದ್ದ ಕೊಳವೆಗಳನ್ನು ಕೇಜಿನಲ್ಲಿ ಇಳಿಸಿದ ಗ್ಯಾಂಗಿನಲ್ಲಿ ಅವರಿದ್ದರು. ಕೊಳವೆಗಳನ್ನು ಒಂದರ ಮೇಲೊಂದು ಸಾಲು ಸಾಲಾಗಿ ಪೇರಿಸಿ ಸಾಹೇಬರು ವರ್ಷಗಟ್ಟಲೆ ಕಾದು ಕೂತಿದ್ದು ಯಾತಕ್ಕೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದು ಮೊಮ್ಮಗಳು, ಊಟಕ್ಕೆ ಕೂತಾಗ, ತಮಿಳಿನಲ್ಲಿ. ‘ಪ್ರೋಟಾನ್ ಒಡೀತಾ?’ ಎಂದು ತಾತ ಕೇಳಿದರಂತೆ. ಇಲ್ಲ ತಾತ, ಇನ್ನೂ ಎಲ್ಲೂ ಒಡೆದಿಲ್ಲ, ಅಂದಳಂತೆ. ಈಗ ಆ ಗಣಿಯ ತುಂಬ ನೀರು.

ಗಾಡಿಯಲ್ಲಿ ಓದುವ ಕ್ರಮವನ್ನು ಅವಳು ತೋರಿಸಿದಳು. ಊರಿಗಾಂನಲ್ಲಿ ಹತ್ತಿದರೆ ಸೀಟು ಸಿಗುತ್ತದೆ, ಬಂಗಾರಪೇಟೆಯವರಿಗೆ ಸಿಗುವುದು ಅವರವರ ಪುಣ್ಯ. ಗುಂಪಿನವರೊಬ್ಬರು ಮೊದಲು ಹತ್ತಿ ಬ್ಯಾಗಿಟ್ಟು ಜಾಗ ಹಿಡಿಯುತ್ತಾರೆ, ಅದಕ್ಕೆ ದಿನಾ ಜಗಳ, ದಿನಾ ರಾಜಿ. ಬಂಗಾರಪೇಟೆ ತನಕ ನಿದ್ದೆ. ಅಲ್ಲಿ ಗಲಾಟೆಗೆ ಎಚ್ಚರವಾದ ಮೇಲೆ ಮಾಲೂರಿನವರೆಗೆ ಓದು. ಇಂಟರ್ನಲ್ಸ್ ಇದ್ದರೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ನಿಂತವರು ಕೇಳಿಸಿಕೊಳ್ಳುತ್ತಾರೆ. ಮಾಲೂರಾದ ಮೇಲೆ ಪುಸ್ತಕ ಬಿಡಿಸುವಷ್ಟು ಜಾಗ ಇರುವುದಿಲ್ಲ, ಆಗ ಫೋನು. ರೆಕಾರ್ಡ್ ಪುಸ್ತಕದಲ್ಲಿ ಗೆರೆ ಎಳೆಯುವ ಕೆಲಸ ಮಾತ್ರ ಗಾಡಿ ನಿಂತಾಗ. ಎಕ್ಸ್‌ಪ್ರೆಸ್‌ಗಾಗಿ ಹೊರಗೆ ನಿಲ್ಲಿಸಿದರೆ ಬೋಗಿ ಇಡೀ ರೈಲ್ವೆಯನ್ನು ಬೈಯುವಾಗ ಈ ಮಕ್ಕಳು ಸ್ಕೇಲ್ ತೆಗೆಯುತ್ತಾರೆ. 2023ರಲ್ಲಿ ವೈಟ್‌ಫೀಲ್ಡ್ ಮೆಟ್ರೊ ಬಂದ ಮೇಲೆ ಕೆಲವರು ಕೆ.ಆರ್.ಪುರದಲ್ಲೇ ಇಳಿದು ಬಿಡುತ್ತಾರೆ. ಅಲ್ಲಿ ಉಳಿಯುವ ಸಮಯಕ್ಕೆ ಮೆಟ್ರೊ ಚಾರ್ಜು ತೆರಬೇಕು, ಅದು ಪಾಸಿನಲ್ಲಿ ಬರುವುದಿಲ್ಲ.

ಹಾಜರಾತಿ ಶೇಕಡ 75 ಇರಲೇಬೇಕು, ಕೆಲವು ಕಡೆ 85. ಗಾಡಿ ಲೇಟಾದರೆ ಮೊದಲ ಪೀರಿಯಡ್ ಹೋಯಿತು. ಕೆಲವು ಮೇಷ್ಟ್ರುಗಳು ‘ಕೆಜಿಎಫ್ ಟ್ರೈನಾ?’ ಎಂದು ಕೇಳಿ ಒಳಗೆ ಬಿಡುತ್ತಾರೆ. ಎಲ್ಲರೂ ಹಾಗಿರುವುದಿಲ್ಲ.

ಇಷ್ಟಾದರೂ ಬೆಳಗಿನ ಪಾಡು ಹೇಗೋ ಸಾಗುತ್ತದೆ. ಕಳೆದುಹೋಗುವುದು ಸಂಜೆ. ಇಂಥ ವಿಶ್ವವಿದ್ಯಾಲಯಗಳು ತಮ್ಮ ಪುಸ್ತಿಕೆಗಳಲ್ಲಿ ಬಣ್ಣದ ಫೋಟೊ ಹಾಕಿ ತೋರಿಸುವುದೆಲ್ಲ ನಾಲ್ಕು ಗಂಟೆಯ ಮೇಲಿನ ಬದುಕನ್ನು: ನಾಟಕದ ತಾಲೀಮು, ಡಿಬೇಟ್ ಕ್ಲಬ್ಬು, ಫೆಸ್ಟಿನ ತಯಾರಿ, ಲೈಬ್ರರಿಯಲ್ಲಿ ಕತ್ತಲಾಗುವ ತನಕ ಕೂರುವುದು, ಮೇಷ್ಟ್ರ ರೂಮಿನ ಮುಂದೆ ನಿಂತು ಆಡುವ ಮಾತು. ಆ ಹೊತ್ತಿಗೆ ಕೆಜಿಎಫ್‌ನವರು ಕಂಟೋನ್ಮೆಂಟಿನ ಪ್ಲಾಟ್‌ಫಾರ್ಮಿನಲ್ಲಿರುತ್ತಾರೆ. ಮಾರಿಕುಪ್ಪಂ ತನಕ ನೇರ ಹೋಗುವ ಗಾಡಿಗಳು ಬೆರಳೆಣಿಕೆಯಷ್ಟು. ತಪ್ಪಿದರೆ ಸಿಕ್ಕಿದ್ದರಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬಸ್ಸೋ ಶೇರ್ ಆಟೊವೋ. ಹಾಗೆ ತಪ್ಪಿಸಿಕೊಂಡ ಸಂಜೆಗಳಿಗೆ ಒಂದೇ ಲಾಭ, ಬಂಗಾರಪೇಟೆಯ ಪಾನಿಪುರಿ. ಬೇರೆ ಊರಿನ ಹಸಿರು ಪಾನಿಯಲ್ಲ, ನೀರಿನಷ್ಟೇ ತಿಳಿಯಾದ ಬಿಳಿ ಪಾನಿ. ಕುಡಿದ ಮೇಲೇ ಖಾರ ಗೊತ್ತಾಗುವುದು. ಹುಡುಗಿ ಇದನ್ನು ಹೇಳುವಾಗ ಅವಳ ಪಕ್ಕದವನು ಟೇಕಲ್ ಬರುವ ತನಕ ಅಂಗಡಿಗಳ ತಾರತಮ್ಯ ಮಾಡಿದ.

ಸಂಜೆ ಕೊಂಚ ತಡವಾಗಿ ನೇರ ಮಾರಿಕುಪ್ಪಂಗೆ ಇನ್ನೊಂದು ಗಾಡಿ ಬಿಟ್ಟರೆ ಎಷ್ಟು ಮಕ್ಕಳಿಗೆ ಎಷ್ಟು ಸಂಜೆ ವಾಪಸು ಬರುತ್ತದೋ. ಕ್ಯಾಂಪಸ್‌ಗಳೂ ಶನಿವಾರ ಮಧ್ಯಾಹ್ನ ಒಂದೆರಡು ಕ್ಲಬ್ಬು ನಡೆಸಬಹುದು. ಸ್ಕಾಲರ್‌ಶಿಪ್ ಕೊಡುವಾಗ ಮನೆಯ ವರಮಾನ ಕೇಳುತ್ತಾರೆ, ಮನೆ ಎಷ್ಟು ದೂರ ಎಂದೂ ಕೇಳಲಿ.

ಊರಿನಲ್ಲೇ ಓದಬಾರದೇ ಎಂದು ಕೇಳುವವರಿದ್ದಾರೆ. ಊರಿಗಾಂನಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜಿದೆ. ಗೋಲ್ಡನ್ ವ್ಯಾಲಿ ಎಂದಿದ್ದದ್ದು ಈಗ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಸಂಸ್ಥೆ. ಅಪರೂಪದ ಮೈನಿಂಗ್ ವಿಭಾಗ ಅಲ್ಲಿದೆ. ಅದನ್ನು ಕಲಿಯಲು ಹೊರಗಿನ ಮಕ್ಕಳು ಗಣಿ ಮುಚ್ಚಿದ ಊರಿಗೆ ಬರುತ್ತಾರೆ. ಕಲಿತರೂ ಹೆಣ್ಣುಮಕ್ಕಳು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವುದಕ್ಕೆ 1952ರ ಗಣಿ ಕಾಯ್ದೆಯ ತಡೆ ಇತ್ತು. ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಇಳಿಯಬಹುದೆಂದು ಸರ್ಕಾರ ಒಪ್ಪಿದ್ದು 2019ರಲ್ಲಿ. ಆದರೆ ಫಿಸಿಕ್ಸೋ ಎಕನಾಮಿಕ್ಸೋ ಇಂಗ್ಲಿಷ್ ಸಾಹಿತ್ಯವೋ ಬೇಕೆಂದು ಆಸೆಪಟ್ಟವರು, ಅದರಲ್ಲೂ ಒಳ್ಳೆಯ ಕಡೆಯೇ ಬೇಕೆಂದವರು, ಗಾಡಿ ಹತ್ತಲೇಬೇಕು.

ಇವರ ವಾಟ್ಸ್ಆ್ಯಪ್ ಗುಂಪಿಗೆ ಪ್ರತಿ ಜೂನ್‌ನಲ್ಲಿ ಹೊಸ ನಂಬರುಗಳು ಸೇರುತ್ತವೆ. ಕೆಲಸ ಸಿಕ್ಕವರು ಹೂಡಿಯಲ್ಲೋ ಕೆ.ಆರ್.ಪುರದಲ್ಲೋ ಪಿ.ಜಿ. ಹಿಡಿದು ಒಬ್ಬೊಬ್ಬರಾಗಿ ಗುಂಪು ಬಿಡುತ್ತಾರೆ. ಆಮೇಲೆ ಊರಿಗೆ ಬರುವುದು ಕ್ರಿಸ್‌ಮಸ್ಸಿಗೆ, ಪೊಂಗಲ್ಲಿಗೆ.

ಹಾಸ್ಟೆಲ್ ಉಚಿತವಾಗಿ ಕೊಟ್ಟರೆ ಹೋಗುತ್ತೀಯಾ ಎಂದು ಹುಡುಗಿಯನ್ನು ಕೇಳಿದೆ. ತಕ್ಷಣ ಹೌದು ಅನ್ನುತ್ತಾಳೆ ಅಂದುಕೊಂಡಿದ್ದೆ. ತಾತನಿಗೆ ಗಣಿ ಧೂಳಿನಿಂದ ಬಂದ ಎದೆ ಕಾಯಿಲೆ, ಸಿಲಿಕೋಸಿಸ್. ರಾತ್ರಿ ಉಸಿರು ಕಟ್ಟಿದರೆ ಎಬ್ಬಿಸಿ ಕೂರಿಸುವುದು ಅವಳೇ. ‘ಈಗ ಬೇಡ ಅಕ್ಕ’ ಅಂದಳು. ‘ಎಂ.ಎಸ್ಸಿ.ಗೆ ಹೋಗುವಾಗ ಕೇಳಿ.’