ಗ್ಯಾಸ್ ತುಂಬಿಸುವ ಮುನ್ನ ಗಾಳಿಯ ದಾರಿ ನೋಡಿ

ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವವರು ಎ.ಸಿ. ಹಾಕುವುದು ಸೆಕೆ ತಾಳಲಾರದೆ ಅಲ್ಲ. ಹೊರಗೆ ಜಡಿಮಳೆ, ಒಳಗೆ ಏಳೆಂಟು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಬಟ್ಟೆ. ಎದುರಿನ ಗಾಜು ಮಬ್ಬಾಗಿ ತಿರುವೇ ಕಾಣುವುದಿಲ್ಲ. ಎ.ಸಿ. ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಗಾಜು ತಿಳಿಯಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಓಡಾಡುವ ಕಾರು, ಟೆಂಪೊ ಟ್ರಾವೆಲರ್, ಈಚೆಗೆ ಜೋಗ ನೋಡಲು ಬರುವ ಕ್ಯಾರವಾನ್, ಯಾವುದಕ್ಕಾದರೂ ಅದು ವೈಪರಿನಷ್ಟೇ ಅಗತ್ಯ. ಅಂಥ ಹೊತ್ತಿನಲ್ಲಿ ಡ್ಯಾಶ್‌ಬೋರ್ಡಿನ ಕಿಂಡಿಯಿಂದ ಗಾಳಿ ಸಣ್ಣಗೆ ಬರತೊಡಗಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಗ್ಯಾಸ್ ಖಾಲಿಯಾಗಿರಬೇಕು.’

ಎ.ಸಿ. ಒಳಗೆ ನಡೆಯುವುದು ಎರಡು ಬೇರೆ ಬೇರೆ ಕೆಲಸ. ತಂಪು ಮಾಡುವುದು ಗ್ಯಾಸಿನ ಪಾಲು. ಕಾರುಗಳಲ್ಲಿ ಹೆಚ್ಚಾಗಿ ಇರುವ ಆರ್-134ಎ ಎಂಬ ದ್ರವ ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ಕಾಯಿಲ್ ಮೂಲಕ ಗಾಳಿಯನ್ನು ನೂಕುವುದು ಬ್ಲೋವರಿನ ಪಾಲು. ಗ್ಯಾಸ್ ಪೂರ್ತಿ ಹೋಗಿದ್ದರೆ ಗಾಳಿ ರಭಸವಾಗಿಯೇ ಬರುತ್ತದೆ, ತಂಪು ಮಾತ್ರ ಇರುವುದಿಲ್ಲ. ತಂಪಿದ್ದೂ ಗಾಳಿ ಕಡಿಮೆ ಎಂದಾದರೆ ಹೆಚ್ಚಾಗಿ ಎಲ್ಲೋ ದಾರಿ ಕಟ್ಟಿದೆ ಎಂದರ್ಥ.

ಮಲೆನಾಡಿನಲ್ಲಿ ಈ ದಾರಿ ಬೇಗ ಕಟ್ಟುವುದಕ್ಕೆ ಕಾರಣವಿದೆ. ಆಷಾಢದ ಮಳೆಯಲ್ಲಿ 25 ಡಿಗ್ರಿಯ ತೇವಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 10 ಡಿಗ್ರಿಗೆ ಇಳಿದರೆ 9 ಗ್ರಾಂಗಿಂತ ಸ್ವಲ್ಪ ಹೆಚ್ಚನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದ 13-14 ಗ್ರಾಂ ಕಾಯಿಲ್ ಮೇಲೆ ನೀರಾಗಿ ಇಳಿಯುತ್ತದೆ. ಬ್ಲೋವರ್ ಗಂಟೆಗೆ 300 ಘನಮೀಟರ್ ಹೊರಗಾಳಿ ಎಳೆದು ಅಷ್ಟನ್ನೂ ಹೀಗೆ ತಣಿಸಿದರೆ ಸುಮಾರು 4 ಲೀಟರ್ ನೀರು. ಗಾಜಿನ ಮಬ್ಬು ಹೋಗುವುದು ಈ ಒಣಗಿಸುವ ಕೆಲಸದಿಂದ. ಆದರೆ ಸದಾ ಒದ್ದೆಯಾಗಿರುವ ಕಾಯಿಲ್‌ಗೆ ಧೂಳು ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಬೂಸಲು ಬೆಳೆಯುತ್ತದೆ. ಎ.ಸಿ. ಹಾಕಿದೊಡನೆ ಬರುವ ಮುಗ್ಗಲು ವಾಸನೆ ಅದರದ್ದೇ.

ಗಾಳಿ ಒಳಬರುವ ಜಾಗ ವೈಪರ್ ಕಡ್ಡಿಗಳ ಬುಡದಲ್ಲಿರುವ ಜಾಲರಿ. ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವ ಕಾಲಕ್ಕೆ ಮರದಡಿ ನಿಲ್ಲಿಸಿದ ವಾಹನದ ಜಾಲರಿಯೊಳಗೂ ದರಕು ಸೇರುತ್ತದೆ. ಕೊಟ್ಟಿಗೆಯ ಪಕ್ಕ, ಅಡಿಕೆ ಅಂಗಳದ ಮೂಲೆಯಲ್ಲಿ ವಾರಗಟ್ಟಲೆ ನಿಂತ ವಾಹನವಾದರೆ ಇಲಿ ಹುಲ್ಲು, ನಾರು, ಬಟ್ಟೆಚೂರು ತಂದು ಬ್ಲೋವರಿನೊಳಗೇ ಗೂಡು ಮಾಡುವುದೂ ಉಂಟು. ಮುಂದಿನದು ಕ್ಯಾಬಿನ್ ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಫಿಲ್ಟರೇ ಇಲ್ಲದ ವಾಹನದಲ್ಲಿ ಕಸವೆಲ್ಲ ನೇರ ಕಾಯಿಲ್‌ಗೆ ಹೋಗಿ ಕೂರುತ್ತದೆ.

ದೋಷ ಎಲ್ಲಿದೆ ಎಂದು ಊಹಿಸಲು ಗ್ಯಾರೇಜಿಗೇ ಹೋಗಬೇಕೆಂದಿಲ್ಲ. ಕಿವಿ, ಕೈ ಸಾಕು. ಬ್ಲೋವರ್ ಸದ್ದೇ ಇಲ್ಲವೆಂದರೆ ಫ್ಯೂಸ್, ರಿಲೇ ಅಥವಾ ಮೋಟಾರ್ ನೋಡಬೇಕು. ಒಂದು, ಎರಡು, ಮೂರರಲ್ಲಿ ಸುಮ್ಮನಿದ್ದು ನಾಲ್ಕರಲ್ಲಿ ಮಾತ್ರ ತಿರುಗಿದರೆ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಈ ರೆಸಿಸ್ಟರ್ ತಣ್ಣಗಿರಬೇಕೆಂದು ಗಾಳಿಯ ದಾರಿಯಲ್ಲೇ ಕೂರಿಸಿರುತ್ತಾರೆ. ಹಾಗಾಗಿ ಕಟ್ಟಿದ ಫಿಲ್ಟರನ್ನು ಹಾಗೇ ಬಿಟ್ಟು ರೆಸಿಸ್ಟರ್ ಮಾತ್ರ ಬದಲಿಸಿದರೆ ಹೊಸದೂ ಸುಡಬಹುದು. ಸದ್ದು ಜೋರಾಗಿದ್ದು ಗಾಳಿ ಸಣ್ಣಗಿದ್ದರೆ, ಹೊರಗಾಳಿ ನಿಲ್ಲಿಸಿ ಒಳಗಾಳಿಯೇ ಸುತ್ತುವ ಗುಂಡಿ ಒತ್ತಿ ನೋಡಿ. ಆಗ ರಭಸ ಹೆಚ್ಚಾದರೆ ಕಟ್ಟಿರುವುದು ಹೊರಗಿನ ಜಾಲರಿಯ ಕಡೆ. ಎರಡರಲ್ಲೂ ಅಷ್ಟೇ ಎಂದರೆ ಫಿಲ್ಟರ್ ಅಥವಾ ಕಾಯಿಲ್.

ಹೊರಟಾಗ ಚೆನ್ನಾಗಿದ್ದ ಗಾಳಿ ಅರ್ಧ ತಾಸಿನ ಮೇಲೆ ಕುಗ್ಗುತ್ತ ಬಂತು, ಎ.ಸಿ. ಆರಿಸಿ ಬ್ಲೋವರ್ ಮಾತ್ರ ಬಿಟ್ಟರೆ ಕಾಲು ತಾಸಿನಲ್ಲಿ ಮತ್ತೆ ಸರಿಯಾಯಿತು ಎಂದಾದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗದಂತೆ, ಗ್ಯಾಸನ್ನು ಓಡಿಸುವ ಕಂಪ್ರೆಸರನ್ನು ನಿಲ್ಲಿಸುವ ಸಂವೇದಕ ಕೆಟ್ಟಿರಬಹುದು, ಗಾಳಿ ಸಾಲದೇ ಇರಬಹುದು. ಗ್ಯಾಸ್ ಸ್ವಲ್ಪ ಕಡಿಮೆಯಾದಾಗಲೂ ಒತ್ತಡ ಇಳಿದು ಕಾಯಿಲ್ ಹೀಗೆ ಹೆಪ್ಪುಗಟ್ಟಬಹುದು. ಗ್ಯಾಸಿನ ಮೇಲೆ ಅನುಮಾನ ಪಡಬೇಕಾದ ಜಾಗ ಇದು.

ಕೆಲವೊಮ್ಮೆ ಗಾಳಿ ಕಡಿಮೆಯಾಗಿರುವುದಿಲ್ಲ, ಬೇರೆ ಕಡೆ ಹೋಗಿರುತ್ತದೆ. ಮುಖಕ್ಕೆ, ಕಾಲಿಗೆ, ಗಾಜಿಗೆ ಗಾಳಿ ಹಂಚುವುದು ಒಳಗಿನ ಸಣ್ಣ ಬಾಗಿಲುಗಳು. ಅವನ್ನು ತಿರುಗಿಸುವುದು ಸಾಮಾನ್ಯವಾಗಿ ಕೇಬಲ್ ಅಥವಾ ಪುಟ್ಟ ಮೋಟಾರ್. ಕೇಬಲ್ ಕಳಚಿದರೆ ಗುಂಡಿ ಸಡಿಲವಾಗಿ ತಿರುಗುತ್ತದೆ. ಮೋಟಾರಿನ ಹಲ್ಲು ಮುರಿದರೆ ಡ್ಯಾಶ್‌ಬೋರ್ಡಿನೊಳಗೆ ಟಕಟಕ ಸದ್ದು ಬರುತ್ತದೆ.

ಅರಬೈಲು ಘಟ್ಟ ಹತ್ತುವಾಗ ಗಾಳಿ ಅಷ್ಟೇ ಇದ್ದು ತಂಪು ಮಾತ್ರ ತುಸು ತಗ್ಗಿದರೆ ಗಾಬರಿ ಬೇಡ. ಎಂಜಿನ್ನಿಗೆ ಪೂರ್ತಿ ಬಲ ಬೇಕಾದಾಗ ಅನೇಕ ವಾಹನಗಳು ಕಂಪ್ರೆಸರನ್ನು ತಾವೇ ಕೆಲ ಹೊತ್ತು ಬಿಡಿಸುತ್ತವೆ.

ಆದ್ದರಿಂದ ಮೇ ತಿಂಗಳಲ್ಲೇ ಮೂರು ಕೆಲಸ ಮುಗಿಸಿಕೊಳ್ಳಿ. ಜಾಲರಿಯ ದರಕು ತೆಗೆಯಿರಿ. ಫಿಲ್ಟರ್ ಬದಲಿಸಿ. ಎ.ಸಿ. ಓಡುವಾಗ ವಾಹನದ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿದೆಯೇ ನೋಡಿ. ಇಲ್ಲವಾದರೆ ಅದು ಹೊರಹೋಗುವ ಕೊಳವೆಯಲ್ಲಿ ಕೆಸರೋ ಕಣಜದ ಮಣ್ಣುಗೂಡೋ ಸಿಕ್ಕಿ, ನೀರು ಒಳಗಿನ ಮ್ಯಾಟಿಗೆ ಇಳಿದೀತು. ಊರು ಮುಟ್ಟುವ ಮೊದಲು ಎ.ಸಿ. ಆರಿಸಿ, ಬ್ಲೋವರನ್ನು ಐದು ನಿಮಿಷ ಓಡಿಸಿ ಕಾಯಿಲ್ ಒಣಗಿಸುವುದನ್ನು ರೂಢಿ ಮಾಡಿಕೊಳ್ಳಿ. ಗ್ಯಾರೇಜಿನಲ್ಲಿ ‘ಗ್ಯಾಸ್ ಹಾಕಿ’ ಎನ್ನುವ ಬದಲು ಗಾಳಿ ಯಾವಾಗ, ಹೇಗೆ ಕಡಿಮೆಯಾಯಿತು ಎಂದು ಹೇಳಿ. ಗ್ಯಾಸ್ ಓಡುವುದು ಮುಚ್ಚಿದ ಕೊಳವೆಯಲ್ಲಿ. ತೀರಾ ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ. ಸೋರಿದ ಆರ್-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಸೋರುವ ಜಾಗ ಮುಚ್ಚದೆ ಗ್ಯಾಸ್ ತುಂಬಿಸುವುದು ಜೇಬಿಗೂ ನಷ್ಟ, ಗಾಳಿಗೂ ನಷ್ಟ.