ಬೆರಳು ಕತ್ತರಿಸಿದ ಕಾರ್ಖಾನೆ, ಯುದ್ಧಕ್ಕೆ ಬೈದ ಹಾಡು: 'ಪ್ಯಾರನಾಯ್ಡ್' ಇವತ್ತಿಗೂ ಯಾಕೆ ಹಳತಾಗಿಲ್ಲ?

ಮೊದಲು ಆ ಕವರ್ ನೋಡಿ. ಆಲ್ಬಂ ಹೆಸರು 'ಪ್ಯಾರನಾಯ್ಡ್'. ಅಂದರೆ ಎಲ್ಲದರ ಮೇಲೂ ಅನುಮಾನ, ಒಳಗೊಳಗೇ ದಿಗಿಲು. ಆದರೆ ಚಿತ್ರದಲ್ಲಿರೋದು ಹೆಲ್ಮೆಟ್ ಹಾಕಿಕೊಂಡು, ಕತ್ತಿ-ಗುರಾಣಿ ಹಿಡಿದು ಕತ್ತಲಲ್ಲಿ ಮರಗಳ ನಡುವಿಂದ ನುಗ್ಗಿ ಬರ್ತಿರೋ ಒಬ್ಬ ಮನುಷ್ಯ. ಹೆಸರಿಗೂ ಚಿತ್ರಕ್ಕೂ ತಾಳಮೇಳ ಇಲ್ಲ. ಕಾರಣ ಸರಳ: ಆಲ್ಬಮ್ಮಿಗೆ ಮೊದಲು ಇಟ್ಟಿದ್ದ ಹೆಸರು 'ವಾರ್ ಪಿಗ್ಸ್', ಯುದ್ಧದ ಹಂದಿಗಳು. ಕತ್ತಿ ಹಿಡಿದವನೇ ಆ ಹಂದಿ. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ ಕಾಲದಲ್ಲಿ ಆ ಹೆಸರು ರೆಕಾರ್ಡ್ ಕಂಪನಿಗೆ ಇಷ್ಟವಾಗಲಿಲ್ಲ ಅಂತ ಬ್ಯಾಂಡಿನವರು ಹೇಳುತ್ತಾ ಬಂದಿದ್ದಾರೆ. 'ಪ್ಯಾರನಾಯ್ಡ್' ಅನ್ನೋ ಹಾಡು ಹಿಟ್ ಆಗುವ ಲಕ್ಷಣವೂ ಇತ್ತು. ಹೆಸರು ಬದಲಾಯ್ತು, ಚಿತ್ರ ಹಾಗೇ ಉಳಿಯಿತು.

ಬ್ಯಾಂಡ್ ಬ್ಲ್ಯಾಕ್ ಸಬ್ಬತ್. ವರ್ಷ 1970. ಫೆಬ್ರವರಿಯಲ್ಲಿ ಮೊದಲ ಆಲ್ಬಂ, ಸೆಪ್ಟೆಂಬರಿನಲ್ಲಿ ಈ ಎರಡನೆಯದು. ಇದು ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು, 'ಪ್ಯಾರನಾಯ್ಡ್' ಸಿಂಗಲ್ ನಾಲ್ಕಕ್ಕೆ. ಮೂರು ನಿಮಿಷವೂ ಇಲ್ಲದ ಆ ಹಾಡನ್ನು ಆಲ್ಬಮ್ಮಿನಲ್ಲಿ ಉಳಿದ ಜಾಗ ತುಂಬಿಸಲಿಕ್ಕೆ ಸ್ಟುಡಿಯೋದಲ್ಲಿ ಕೂತು ಗಡಿಬಿಡಿಯಲ್ಲಿ ಕಟ್ಟಿದ್ದು. ಸಾಹಿತ್ಯದಲ್ಲಿ 'ಪ್ಯಾರನಾಯ್ಡ್' ಅನ್ನೋ ಪದವೇ ಇಲ್ಲ. ಇರೋದು ಖಿನ್ನತೆ. ಬ್ಯಾಂಡಿನ ಬಹುಪಾಲು ಹಾಡುಗಳ ಸಾಹಿತ್ಯ ಬರೆದ ಬಾಸ್ ವಾದಕ ಗೀಝರ್ ಬಟ್ಲರ್ ತಾವೇ ಅದನ್ನು ಅನುಭವಿಸುತ್ತಿದ್ದರು. ಥೆರಪಿ, ಮೆಂಟಲ್ ಹೆಲ್ತ್ ಅನ್ನೋದೆಲ್ಲ ನಮ್ಮ ದಿನದ ಮಾತಾಗುವುದಕ್ಕೆ ದಶಕಗಳ ಮೊದಲು ಒಬ್ಬ ಹುಡುಗ 'ನನ್ನ ತಲೆಯಲ್ಲಿ ಏನೋ ಸರಿ ಇಲ್ಲ' ಅಂತ ಪಾಪ್ ಪಟ್ಟಿಯಲ್ಲಿ ಹೇಳಿಬಿಟ್ಟಿದ್ದ.

ಈ ನಾಲ್ವರೂ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಕಡೆಯವರು, 1948-49ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಬಾಂಬಿಗೆ ಬಿದ್ದ ಕಟ್ಟಡಗಳ ಅವಶೇಷಗಳೇ ಅವರ ಆಟದ ಮೈದಾನ. ಶಾಲೆ ಬಿಟ್ಟ ಮೇಲೆ ಕಾದಿದ್ದದ್ದು ಕಾರ್ಖಾನೆ. ಹಾಡುಗಾರ ಆಝಿ ಆಸ್ಬರ್ನ್ ಕಸಾಯಿಖಾನೆಯಲ್ಲೂ ದುಡಿದಿದ್ದರು. (ವೇದಿಕೆ ಮೇಲೆ ಬಾವಲಿ ಕಚ್ಚಿದವನು ಅಂತ ಮಾತ್ರ ಅವರನ್ನು ಗೊತ್ತಿರೋರು ಒಮ್ಮೆ ಈ ಆಲ್ಬಂ ಕೇಳಬೇಕು. ಬಾವಲಿ ಕತೆ ಹನ್ನೆರಡು ವರ್ಷ ಆಮೇಲಿನದು.)

ಗಿಟಾರ್ ವಾದಕ ಟೋನಿ ಅಯೋಮಿಗೆ ಹದಿನೇಳು ವರ್ಷ. ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಅವತ್ತು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಹುಡುಗನಿಗೆ ವಾಪಸ್ ಹೋಗಲು ಮನಸ್ಸಿರಲಿಲ್ಲ. ಕೆಲಸ ಪೂರ್ತಿ ಮುಗಿಸಿ ಬಾ ಅಂತ ತಾಯಿ ಕಳಿಸಿದರು. ತನಗೆ ಅಭ್ಯಾಸವಿಲ್ಲದ ಯಂತ್ರಕ್ಕೆ ಬಲಗೈ ಸಿಕ್ಕಿಕೊಂಡು ನಡುಬೆರಳು, ಉಂಗುರದ ಬೆರಳುಗಳ ತುದಿ ಹೋಯಿತು. ಅಯೋಮಿ ಎಡಗೈಯವನು, ಹಾಗಾಗಿ ತಂತಿ ಒತ್ತಬೇಕಾದ ಕೈಯೇ ಅದು. ಬೆಂಕಿ ಅನಾಹುತದ ನಂತರ ಎರಡೇ ಬೆರಳಲ್ಲಿ ನುಡಿಸುತ್ತಿದ್ದ ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡೊಂದನ್ನು ಫೋರ್‌ಮನ್ ತಂದು ಕೇಳಿಸಿದ. ಹುಡುಗ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ಗಟ್ಟಿ ತಂತಿ ಒತ್ತಿದರೆ ನೋವು, ಹಾಗಾಗಿ ತೆಳು ತಂತಿ ಹಾಕಿದ.

ಇಲ್ಲಿ ನನ್ನೊಳಗಿನ ಇಂಜಿನಿಯರ್ ಸ್ವಲ್ಪ ಕತ್ತೆತ್ತುತ್ತಾನೆ, ಸಹಿಸಿಕೊಳ್ಳಿ. ಈ ಸಂಗೀತ ಯಾಕೆ ಇಷ್ಟು 'ಭಾರ' ಕೇಳುತ್ತೆ? ರಾಕ್ ಗಿಟಾರಿನ ಬುನಾದಿ ಪವರ್ ಕಾರ್ಡ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬರೀ ಸ ಮತ್ತು ಪ. ತಂಬೂರಿಯಲ್ಲಿ ಕೇಳ್ತೀವಲ್ಲ, ಅದೇ ಜೋಡಿ. ಗಾಂಧಾರ ಇಲ್ಲ, ಹಾಗಾಗಿ ಸಂತೋಷವೋ ದುಃಖವೋ ಅಂತ ಅದು ಮೊದಲೇ ಹೇಳಿಬಿಡೋದಿಲ್ಲ. ಎರಡು ಸ್ವರ ಒತ್ತೋದಕ್ಕೆ ಗಾಯದ ಬೆರಳೂ ಹೆಚ್ಚು ಸರ್ಕಸ್ ಮಾಡಬೇಕಿಲ್ಲ.

ಈಗ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ಏರಿಸಿ. ತರಂಗದ ಶಿಖರಗಳು ಕತ್ತರಿಸಿ ಹೋಗುತ್ತವೆ. ಇದೇ ಡಿಸ್ಟಾರ್ಷನ್. ಹೀಗಾದಾಗ ಮೂಲದಲ್ಲಿ ಇಲ್ಲದ ಕಂಪನಾಂಕಗಳೂ ಹುಟ್ಟುತ್ತವೆ, ಎರಡು ಸ್ವರಗಳ ವ್ಯತ್ಯಾಸದ ಸ್ವರವೂ ಸೇರಿ. ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್. ಅದರ ಪಂಚಮ ಸುಮಾರು 123. ವ್ಯತ್ಯಾಸ 41. ಅಂದರೆ ನುಡಿಸಿದ್ದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಬಾಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರವೂ ಅದೇ. ಯಾರೂ ಮೀಟದ ಸ್ವರವೊಂದು ಯಂತ್ರದೊಳಗಿಂದ ಎದ್ದು ಬಂದು ಬಟ್ಲರ್ ಬಾಸಿನ ಜೊತೆ ಕೂಡಿಕೊಳ್ಳುತ್ತೆ. ಗಾಂಧಾರ ಸೇರಿಸಿದ್ದರೆ ಇದೇ ಲೆಕ್ಕ ಕೆಟ್ಟು ಗಜಿಬಿಜಿ ಆಗ್ತಿತ್ತು.

ಅಯೋಮಿ ತಂತಿ ಸಡಿಲಿಸಿ ಶ್ರುತಿ ಇಳಿಸಿದ್ದರಿಂದಲೇ ಈ ಆಲ್ಬಮ್ಮಿಗೆ ಆ ಭಾರ ಬಂತು ಅಂತ ಯೂಟ್ಯೂಬ್ ಪಂಡಿತರು ಹೇಳ್ತಾರೆ. ಸ್ಟುಡಿಯೋದಲ್ಲಿ ಅಷ್ಟು ಕೆಳಗಿಳಿದದ್ದು ಮುಂದಿನ ವರ್ಷದ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ. ಇಲ್ಲಿನ ಭಾರಕ್ಕೆ ಕಾರಣ ಹೆಚ್ಚಾಗಿ ಮೇಲಿನ ಲೆಕ್ಕ, ಮತ್ತೆ ಮೌನ. 'ವಾರ್ ಪಿಗ್ಸ್' ಕೇಳಿ. ವಾಯುದಾಳಿಯ ಸೈರನ್, ಆಮೇಲೆ ಎರಡು ಕಾರ್ಡ್ ಬಡಿದು ಗಿಟಾರ್ ಸುಮ್ಮನಾಗುತ್ತೆ. ಬಿಲ್ ವಾರ್ಡ್ ಹೈ-ಹ್ಯಾಟ್ ಮಾತ್ರ ಟಿಕ್ ಟಿಕ್ ಅಂತಿರುತ್ತೆ. ಆ ಖಾಲಿ ಜಾಗದಲ್ಲಿ ಆಝಿ ಒಬ್ಬನೇ ನಿಂತು ಆರೋಪಪಟ್ಟಿ ಓದ್ತಾನೆ.

ಆರೋಪ ಏನು? ಯುದ್ಧ ಹಚ್ಚುವವರು ದೊಡ್ಡವರು, ಸಾಯೋದಕ್ಕೆ ಹೋಗೋರು ಬಡವರು. ಬ್ರಿಟನ್ ವಿಯೆಟ್ನಾಮಿಗೆ ಸೈನ್ಯ ಕಳಿಸಿರಲಿಲ್ಲ, ಆದರೂ ಇವರಿಗೆ ಅದು ಅರ್ಥವಾಗಿತ್ತು. ಆಗ ಅಮೆರಿಕದಲ್ಲಿ ಕಡ್ಡಾಯ ಸೇನಾಭರ್ತಿ; ಕಾಲೇಜಿನಲ್ಲಿ ಓದುತ್ತಿದ್ದವರಿಗೆ ವಿನಾಯಿತಿ ಸಿಗುತ್ತಿತ್ತು. ಕಾಲೇಜಿಗೆ ಹೋಗುವ ಶಕ್ತಿ ಯಾರಿಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಹುಡುಗರಿಗೆ ಈ ಗಣಿತ ಪುಸ್ತಕ ಓದದೆಯೂ ಗೊತ್ತಿತ್ತು. ಹೂವು ಮುಡಿದು ಪ್ರೀತಿ ಹಂಚೋಣ ಅಂದ ಹಿಪ್ಪಿಗಳ ಶಾಂತಿ ಹಾಡುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಇಲ್ಲಿ ಸಮಾಧಾನ ಇಲ್ಲ, ಲೆಕ್ಕ ಚುಕ್ತಾ ಮಾಡುವ ಸಿಟ್ಟಿದೆ.

ನನ್ನ ಮಟ್ಟಿಗೆ ಆಲ್ಬಮ್ಮಿನ ಶ್ರೇಷ್ಠ ಹಾಡು ಮಾತ್ರ 'ಹ್ಯಾಂಡ್ ಆಫ್ ಡೂಮ್'. ಯುದ್ಧ ಮುಗಿಸಿ ಹೆರಾಯಿನ್ ಚಟ ಹತ್ತಿಸಿಕೊಂಡು ಬಂದ ಸೈನಿಕರ ಕತೆ. ಬಾಸ್ ಪಿಸುಗುಟ್ಟುತ್ತಾ ಶುರುವಾಗಿ, ಒಮ್ಮೆಲೇ ಮೈಮೇಲೆ ಬೀಳುತ್ತೆ. 'ಎಲೆಕ್ಟ್ರಿಕ್ ಫ್ಯೂನರಲ್' ಅಣುಯುದ್ಧದ್ದು. 'ಐರನ್ ಮ್ಯಾನ್' ಮಾರ್ವೆಲ್ ಹೀರೋ ಅಲ್ಲ: ಮುಂದೆ ಬರೋ ವಿನಾಶ ನೋಡಿ ಎಚ್ಚರಿಸಲು ಬಂದವನು ಉಕ್ಕಾಗಿಬಿಡ್ತಾನೆ, ಜನ ತಿರುಗಿಯೂ ನೋಡಲ್ಲ, ಕೊನೆಗೆ ಅವನೇ ವಿನಾಶ ತರ್ತಾನೆ. ಅದೇ ಹಾಡನ್ನು 2008ರಲ್ಲಿ ಶಸ್ತ್ರಾಸ್ತ್ರ ಉದ್ಯಮಿಯೊಬ್ಬನನ್ನು ಹೀರೋ ಮಾಡಿದ ಹಾಲಿವುಡ್ ಸಿನಿಮಾದಲ್ಲಿ ಬಳಸಿಕೊಂಡರು. ಇದಕ್ಕಿಂತ ದೊಡ್ಡ ವ್ಯಂಗ್ಯ ನನಗಂತೂ ಹೊಳೆಯೋದಿಲ್ಲ.

ಆಗಿನ ವಿಮರ್ಶಕರಲ್ಲಿ ಹಲವರಿಗೆ ಈ ಬ್ಯಾಂಡ್ ಕಂಡರೆ ತಾತ್ಸಾರ. 'ರೋಲಿಂಗ್ ಸ್ಟೋನ್' ಪತ್ರಿಕೆ ಮೊದಲ ಆಲ್ಬಮ್ಮನ್ನೇ ಹೀಗಳೆದಿತ್ತು. ಅದೇ ಪತ್ರಿಕೆ 2017ರಲ್ಲಿ ಸಾರ್ವಕಾಲಿಕ ನೂರು ಮೆಟಲ್ ಆಲ್ಬಂಗಳ ಪಟ್ಟಿ ಮಾಡಿ 'ಪ್ಯಾರನಾಯ್ಡ್' ಅನ್ನು ಮೊದಲ ಸ್ಥಾನದಲ್ಲಿ ಕೂರಿಸಿತು.

ನಾನು ಇದನ್ನು ಮೊದಲು ಕೇಳಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಿಂದ. ನಮ್ಮಲ್ಲಿ ಮೆಟಲ್ ಬಂದ ದಾರಿಯೇ ಬೇರೆ: ಕಾಲೇಜು ಫೆಸ್ಟ್, ಇಂಗ್ಲಿಷ್, ದುಬಾರಿ ಗಿಟಾರ್. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಕಪ್ಪು ಟೀಶರ್ಟಿನ ಸಮುದ್ರವೇ ಸೇರಿತ್ತು. ಕ್ರಿಪ್ಟಾಸ್‌ನಂಥ ಬೆಂಗಳೂರಿನ ಬ್ಯಾಂಡುಗಳು ಯುರೋಪಿನ ವೇದಿಕೆಗಳವರೆಗೂ ಹೋಗಿವೆ. ಆದರೆ ಆಸ್ಟನ್‌ನಲ್ಲಿ ಇದು ಪ್ರೆಸ್ ಯಂತ್ರದ ಮುಂದೆ ನಿಂತವರ ಸಂಗೀತ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗನ ಕಿವಿಗೆ ಅದು ಬೀಳಲೇ ಇಲ್ಲ. ಬೆರಳು ಕಳೆದುಕೊಂಡವರು ಅಲ್ಲೂ ಇದ್ದಾರೆ.

2025ರ ಜುಲೈ 5ರಂದು ಮೂಲ ನಾಲ್ವರೂ ಆಸ್ಟನ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಕೊನೆಯ ಬಾರಿ ಸೇರಿದರು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಆಝಿ ಸಿಂಹಾಸನದ ಮೇಲೆ ಕೂತೇ ಹಾಡಿದರು. ಬ್ಯಾಂಡ್ ನುಡಿಸಿದ್ದು ನಾಲ್ಕೇ ಹಾಡು, ಅದರಲ್ಲಿ ಮೂರು ಈ ಆಲ್ಬಮ್ಮಿನವು. 'ವಾರ್ ಪಿಗ್ಸ್'ನಿಂದ ಶುರು, 'ಪ್ಯಾರನಾಯ್ಡ್'ಗೆ ಮುಕ್ತಾಯ. ಹದಿನೇಳು ದಿನಕ್ಕೆ ಆಝಿ ತೀರಿಕೊಂಡರು.