ಎರಡು ಕವಲಿನ ಕಾವೇರಿ: ಶಿವನಸಮುದ್ರ

ಕಡಲಿಗೂ ಈ ಊರಿಗೂ ನೂರಾರು ಕಿಲೋಮೀಟರುಗಳ ಅಂತರ. ಹೆಸರು ಮಾತ್ರ ಶಿವನಸಮುದ್ರ! ಕೆರೆಗೂ ಕೆರೆಯ ದಡದ ಊರಿಗೂ ‘ಸಮುದ್ರ’ವೆಂದು ಹೆಸರಿಡುವುದು ನಮ್ಮ ನಾಡಿನ ಹಳೆಯ ರೂಢಿ. ಆದರೆ ಶ್ರಾವಣದಲ್ಲಿ ಇಲ್ಲಿಗೆ ಬಂದವರಿಗೆ ಆ ಹೆಸರು ಉತ್ಪ್ರೇಕ್ಷೆಯೆಂದು ತೋರಲಾರದು.

ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ಇಲ್ಲಿಗೆ ಸುಮಾರು 130 ಕಿಲೋಮೀಟರು. ಕಾವೇರಿಯು ಇಲ್ಲಿ ಎರಡು ಕವಲಾಗಿ ಒಡೆದು, ದ್ವೀಪವೊಂದನ್ನು ನಡುವಿರಿಸಿಕೊಂಡು ಹರಿಯುತ್ತಾಳೆ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನ ಮಧ್ಯರಂಗನು ಪವಡಿಸಿರುವುದು ಈ ದ್ವೀಪದಲ್ಲಿಯೇ.

ಪಡುವಣ ಕವಲಿನ ಗಗನಚುಕ್ಕಿಯನ್ನು ಮಳವಳ್ಳಿಯ ಕಡೆಯ ಎತ್ತರದಿಂದ, ಕಣಿವೆಯಾಚೆಯಿಂದ ನೋಡಬೇಕು. ನೀರು ಬಂಡೆಯಿಂದ ಬಂಡೆಗೆ ಹಾಯ್ದು ಹೊಗೆಯಾಗಿ ಮೇಲೇಳುವ ಆ ನೋಟ ರುದ್ರರಮಣೀಯವಾದುದು. ಮೂಡಣ ಕವಲಿನ ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು; ಅಗಲವಾಗಿ ಹರಡಿಕೊಂಡು ಹಲವು ಧಾರೆಗಳಾಗಿ ಧುಮುಕುತ್ತದೆ. ಕೆಳಗಿಳಿಯಲು ಮೆಟ್ಟಿಲುಗಳುಂಟು. ಇಳಿಯಲು ಬಿಡುವ ದಿನವಾದರೆ, ಎರಡರಲ್ಲಿ ಒಂದನ್ನೇ ನೋಡಲು ಹೊತ್ತಿರುವವರು ಭರಚುಕ್ಕಿಗೆ ಹೋಗಲಿ ಎನ್ನುವೆನು. ಅಲ್ಲಿ ನಾವು ಜಲಪಾತವನ್ನು ದೂರದಿಂದ ನೋಡುವುದಿಲ್ಲ, ಅದರ ಅಡಿಯಲ್ಲಿಯೇ ನಿಲ್ಲುತ್ತೇವೆ. (ಮರಳಿ ಮೇಲೇರುವಾಗ ಮಾತ್ರ ಹಿರಿಯರ ಮೊಣಕಾಲು ಬೇರೆ ಮಾತು ಹೇಳೀತು!)

ಬೇಸಗೆಯಲ್ಲಿ ಹೋದವರು ಒಣಗಿದ ಬಂಡೆಗಳನ್ನು ಕಂಡು ಬೇಸರದಿಂದ ಹಿಂದಿರುಗುತ್ತಾರೆ. ಮಳೆಯ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಜಲಪಾತದ ಮೇಲ್ಗಡೆಯೇ ನದಿಯ ನೀರನ್ನು ನಾಲೆಗೆ ತಿರುಗಿಸಿ, ಕೊಳವೆಗಳ ಮೂಲಕ ಕಣಿವೆಗೆ ಇಳಿಸಿ, ವಿದ್ಯುತ್ತನ್ನು ತೆಗೆಯುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆ 1902ರಲ್ಲಿ ಕೈಗೂಡಿತು. ಅದನ್ನು ಕಾಣಲು ಅವರಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಮೊದಲ ವಿದ್ಯುತ್ತು ಹೋದದ್ದು ನೆರೆಯ ಹಳ್ಳಿಗಳಿಗಲ್ಲ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಜಗತ್ತಿನಲ್ಲಿಯೇ ವಿದ್ಯುತ್ತನ್ನು ಅಷ್ಟು ದೂರ ಒಯ್ದವರು ವಿರಳ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದೂ ಇದೇ ನೀರಿನ ಬಲದಿಂದ. ಬೇಸಗೆಯಲ್ಲಿ ಈ ಯಂತ್ರಗಳಿಗೆ ನೀರು ಸಾಲದೆ ಹೋಗಬಾರದೆಂಬುದು, 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಹಿಡಿದುದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಶಿವನಸಮುದ್ರದ ವಿದ್ಯುದಾಗಾರವಾದರೋ ಇನ್ನೂ ದುಡಿಯುತ್ತಿದೆ. ಹಾಗೆಂದು ಬರಿಯ ಬಂಡೆಗಳನ್ನು ನೋಡಿ ಸಂತೋಷಪಡಿರೆಂದು ನಾನು ಯಾರಿಗೂ ಹೇಳಲಾರೆ; ದೀಪ ಬೇಕು, ಜಲಪಾತವೂ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಕನ್ನಂಬಾಡಿಯೂ ಕಬಿನಿಯೂ ತುಂಬಿ ನೀರನ್ನು ಹೊರಬಿಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೊಡನೆ ಹೊರಡುವುದೇ ಲೇಸು. ಮಕ್ಕಳ ಕೈ ಬಿಡಬೇಡಿ. ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವ ಹವ್ಯಾಸವಿದ್ದವರು ಅದನ್ನು ಮೇಲಿನ ಕಟಕಟೆಯ ಬಳಿಯೇ ಮುಗಿಸಿಕೊಳ್ಳಲಿ.